ಒರಿಜಿನಲ್ ಬೇಕೋ, ಲೋಕಲ್ ಸಾಕೋ? ಹಳೆಯ ಕಾರಿಗೆ ಸೆನ್ಸರ್ ಕೊಳ್ಳುವ ಮುನ್ನ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಂಜಿನ್ ಸೆನ್ಸರ್ ಕೇಳಿದರೆ ಮೊದಲು ಬರುವ ಮರುಪ್ರಶ್ನೆ ಇದು: ‘ಒರಿಜಿನಲ್ ಬೇಕೋ, ಲೋಕಲ್ ಸಾಕೋ?’ ಎರಡರ ಬೆಲೆಯ ನಡುವೆ ಎಷ್ಟೋ ಸಲ ಹಲವು ಪಟ್ಟು ಅಂತರವಿರುತ್ತದೆ. ಹದಿನೈದು ವರ್ಷ ದಾಟಿದ, ಮಾರಲು ಹೋದರೆ ಕೈಗೆ ಹೆಚ್ಚೇನೂ ಬಾರದ ಕಾರಿಗೆ ಅಷ್ಟು ಹಣ ಹಾಕಬೇಕೇ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ‘ಲೋಕಲ್ ಸಾಕು’ ಎಂದು ಹೇಳಿ ತಂದು ಹಾಕಿಸಿದ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುತ್ತಿದೆ ಎಂದು ತಿಳಿಸುವ ಸೆನ್ಸರ್) ಐದೇ ತಿಂಗಳಿಗೆ ಶಿರಾಡಿ ಘಾಟಿಯಲ್ಲಿ ಕೈಕೊಟ್ಟಿತು.

ಗುಂಡ್ಯ ದಾಟಿ ಏರು ಶುರುವಾಗಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಮುಂದೆ ಟ್ಯಾಂಕರ್‌ಗಳ ಸಾಲು, ಎರಡನೇ ಗೇರ್. ಎಂಜಿನ್ ಕೆಮ್ಮಲಿಲ್ಲ, ಜಗ್ಗಾಡಲಿಲ್ಲ. ಯಾರೋ ಕೀಲಿ ತಿರುಗಿಸಿದಂತೆ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಇಬ್ಬರು ಮಕ್ಕಳಿದ್ದರು, ಹಿಂದೆ ಲಾರಿಯೊಂದು ಹಾರ್ನ್ ಒತ್ತುತ್ತಿತ್ತು. ಸ್ಟಾರ್ಟರ್ ಚೆನ್ನಾಗಿಯೇ ತಿರುಗುತ್ತಿತ್ತು, ಎಂಜಿನ್ ಮಾತ್ರ ಹತ್ತಿಕೊಳ್ಳುತ್ತಿರಲಿಲ್ಲ. ಆರ್‌ಪಿಎಂ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು, ಮಿಸುಕಲಿಲ್ಲ. ಮುಕ್ಕಾಲು ಗಂಟೆ ತಣ್ಣಗಾದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು.

ಅಂದಿನಿಂದ ನಾನು ಅಂಗಡಿಯವರ ಪ್ರಶ್ನೆಗೆ ಉತ್ತರಿಸುವ ಮೊದಲು ನನ್ನನ್ನು ನಾನೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸೆನ್ಸರ್ ಸತ್ತರೆ ಕಾರು ನಿಲ್ಲುತ್ತದೆಯೋ, ಕುಂಟುತ್ತದೆಯೋ? ನಿಲ್ಲಿಸುವ ಸೆನ್ಸರ್ ಆದರೆ ಹಣದ ಮುಖ ನೋಡಬಾರದು. ಕುಂಟಿಸುವ ಸೆನ್ಸರ್ ಆದರೆ ಉಳಿತಾಯಕ್ಕೆ ಜಾಗವಿದೆ, ಆದರೆ ಎಲ್ಲದರಲ್ಲೂ ಅಲ್ಲ. ಕಾರಿನ ವಯಸ್ಸು, ಅದರ ಮಾರುಕಟ್ಟೆ ಬೆಲೆ ಇವೆಲ್ಲ ಆಮೇಲಿನ ಲೆಕ್ಕ.

ಇಲ್ಲಿ ನಾನು ಹೇಳುತ್ತಿರುವುದು 2000ದಿಂದ ಸುಮಾರು 2012ರವರೆಗಿನ ಪೆಟ್ರೋಲ್ ಕಾರುಗಳ ಬಗ್ಗೆ. ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಇಸಿಯು ಎಂಬ ಎಂಜಿನ್ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂದ ಕಾಲದವು ಅವು. ಡೀಸೆಲ್ ಎಂಜಿನ್ನಿನ ರೀತಿಯೇ ಬೇರೆ.

ಮೊದಲು ರೋಗ, ಆಮೇಲೆ ಔಷಧ

ಸೆನ್ಸರ್ ಕೊಳ್ಳುವುದಕ್ಕಿಂತ ಮೊದಲು ಕೆಟ್ಟಿರುವುದು ಸೆನ್ಸರೇ ಹೌದೇ ಎಂದು ತಿಳಿಯಬೇಕು. ನನ್ನ ಕಾರು ಮೊದಲ ಸಲ ಬಿಸಿಯಾಗಿ ನಿಂತಾಗ ಒಂದು ಗ್ಯಾರೇಜಿನಲ್ಲಿ ಇಂಧನ ಪಂಪನ್ನೇ ಬದಲಿಸಿದರು. ಪಂಪ್ ಚೆನ್ನಾಗಿತ್ತು. ಆ ಹಣದಲ್ಲಿ ಅತ್ಯುತ್ತಮ ಸೆನ್ಸರ್ ಒಂದನ್ನು ಕೊಂಡು ಇನ್ನೂ ಉಳಿಸಬಹುದಿತ್ತು. ಹಳೆಯ ಕಾರಿನಲ್ಲಿ ನಿಜವಾಗಿ ಹಣ ಸೋರುವುದು ಹೀಗೆ ಊಹೆಯ ಮೇಲೆ ಬದಲಿಸುವ ಭಾಗಗಳಲ್ಲಿ.

ಪರೀಕ್ಷೆಗೆ ನಾಲ್ಕು ದಾರಿಗಳಿವೆ: ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಅಗ್ಗದ ಒಬಿಡಿ ರೀಡರ್ (ಒಬಿಡಿ ಎಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಕೋಡ್ ಆಗಿ ದಾಖಲಿಸುವ ವ್ಯವಸ್ಥೆ), ಮಲ್ಟಿಮೀಟರ್ (ವೋಲ್ಟೇಜ್, ವಿದ್ಯುತ್ ನಿರೋಧ ಅಳೆಯುವ ಮೀಟರ್), ಸ್ಕ್ಯಾನರ್ ಇರುವ ಗ್ಯಾರೇಜ್ ಅಥವಾ ಆಟೋ ಎಲೆಕ್ಟ್ರಿಷಿಯನ್, ಮತ್ತು ಕಂಪನಿಯ ಸರ್ವಿಸ್ ಸೆಂಟರ್.

ಅಗ್ಗದ ರೀಡರ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಆದರೆ ಅದು ನಿಮ್ಮ ಕಾರಿನೊಂದಿಗೆ ಮಾತನಾಡುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಭಾರತದಲ್ಲಿ ಒಬಿಡಿಯ ಮೊದಲ ಹಂತ ಕಡ್ಡಾಯವಾದದ್ದು 2010ರಲ್ಲಿ, ಎರಡನೇ ಹಂತ 2013ರಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇದ್ದರೂ ಒಳಗಿನ ಭಾಷೆ ತಯಾರಕರದೇ ಆಗಿರುತ್ತದೆ. ಟಾರ್ಚ್ ಹಿಡಿದು ಸಾಕೆಟ್ಟಿನೊಳಗೆ ನೋಡಿ. 6 ಮತ್ತು 14ನೇ ಜಾಗಗಳಲ್ಲಿ ಲೋಹದ ಪಿನ್ ಇದ್ದರೆ ಅದು ಕ್ಯಾನ್ ಎಂಬ ಹೊಸ ಬಗೆಯ ಸಂಪರ್ಕ ಜಾಲ, ಹೆಚ್ಚಿನ ರೀಡರ್‌ಗಳು ನಡೆಯುತ್ತವೆ. ಅವು ಖಾಲಿ ಇದ್ದು 7ರಲ್ಲಿ ಮಾತ್ರ ಪಿನ್ ಇದ್ದರೆ ಅದು ಹಳೆಯ ಕೆ-ಲೈನ್. ತೀರಾ ಅಗ್ಗದ ನಕಲು ರೀಡರ್‌ಗಳಲ್ಲಿ ಕೆಲವು ಇಲ್ಲಿಯೇ ಮೂಕವಾಗುತ್ತವೆ. ಹಾಗಾಗಿ ಕೊಳ್ಳುವಾಗ ‘ಕೆ-ಲೈನ್ ಕಾರಿಗೆ ನಡೆಯದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ’ ಎಂದು ಕೇಳಿಯೇ ಕೊಳ್ಳಿ.

ಇನ್ನೂ ಹಳೆಯ ಕಾರಾದರೆ ನಿರಾಶರಾಗಬೇಡಿ. ಸುಜುಕಿ ಮೂಲದ ಹಳೆಯ ಎಂಜಿನ್‌ಗಳಲ್ಲಿ ಪರೀಕ್ಷಾ ಕನೆಕ್ಟರ್‌ನ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ ಕೀಲಿ ತಿರುಗಿಸಿದರೆ ಚೆಕ್ ಎಂಜಿನ್ ದೀಪವೇ ಮಿನುಗಿ ಸಂಖ್ಯೆ ಹೇಳುತ್ತದೆ. ಒಂದು ಮಿನುಗು, ಸ್ವಲ್ಪ ಬಿಡುವು, ಎರಡು ಮಿನುಗು ಎಂದರೆ 12, ದೋಷ ದಾಖಲಾಗಿಲ್ಲ ಎಂದರ್ಥ. 13 ಆಮ್ಲಜನಕ ಸೆನ್ಸರಿನದು, 14 ಶೀತಕದ ತಾಪ ಸೆನ್ಸರಿನದು. ಯಾವ ಎರಡು ತುದಿ ಎಂಬುದನ್ನು ಆ ಮಾದರಿಯ ಕೈಪಿಡಿಯಿಂದ ಖಚಿತಪಡಿಸಿಕೊಂಡೇ ಜೋಡಿಸಬೇಕು.

ಮಲ್ಟಿಮೀಟರ್ ನನ್ನ ಮೊದಲ ಆಯ್ಕೆ. ರೀಡರ್ ಇಲ್ಲದೆಯೂ ಅದೊಂದಿದ್ದರೆ ಅರ್ಧ ಕೆಲಸ ಮುಗಿಯುತ್ತದೆ. ಅದಿಲ್ಲದೆ ರೀಡರ್ ಒಂದೇ ಇದ್ದರೆ ದಾರಿ ತಪ್ಪುವ ಸಂಭವ ಹೆಚ್ಚು. ಕಾರಣ ಮುಂದೆ ಹೇಳುತ್ತೇನೆ. ಎರಡನ್ನೂ ಹಿಡಿಯಲು ಮನಸ್ಸಿಲ್ಲದವರು ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ನನ್ನು ಹುಡುಕಲಿ. ತಂತಿ ಓದಬಲ್ಲ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಹಳೆಯ ಕಾರಿಗೆ ಸರ್ವಿಸ್ ಸೆಂಟರ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾನೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸರ್ವಿಸ್ ಸೆಂಟರಿನಲ್ಲಿ ತಯಾರಕರದೇ ಸ್ಕ್ಯಾನರ್, ವೈರಿಂಗ್ ನಕ್ಷೆ ಎಲ್ಲ ಇರುತ್ತವೆ. ಆದರೆ ನಿಂತುಹೋದ ಮಾದರಿಯ ಕಾರನ್ನು ದಿನವೂ ಕಂಡ ಕೈಗಳು ಅಲ್ಲಿ ಈಗ ಕಡಿಮೆ. ಇಸಿಯು ಅಥವಾ ಕೀಲಿಯ ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಹತ್ತಿಕೊಳ್ಳದಂತೆ ತಡೆಯುವ ಸಾಧನ) ತೊಂದರೆ ಎಂಬ ಅನುಮಾನ ಬಂದರೆ ಮಾತ್ರ ನೇರ ಅಲ್ಲಿಗೇ ಹೋಗಿ.

ಕೋಡ್ ಹೆಸರಿಸುವುದು ಭಾಗವನ್ನಲ್ಲ, ಸರ್ಕ್ಯೂಟನ್ನು

ರೀಡರಿನಲ್ಲಿ ಪಿ0335 ಎಂಬ ದೋಷದ ಕೋಡ್ ಬಂತು ಎಂದಿಟ್ಟುಕೊಳ್ಳಿ. ಮೊಬೈಲ್ ಆ್ಯಪ್ ‘ಕ್ರ್ಯಾಂಕ್ ಸೆನ್ಸರ್’ ಎನ್ನುತ್ತದೆ, ನಾವು ಅಂಗಡಿಗೆ ಓಡುತ್ತೇವೆ. ಆದರೆ ಇಸಿಯು ಹೇಳಿದ್ದು ಇಷ್ಟೇ: ಆ ಸರ್ಕ್ಯೂಟಿನಿಂದ ನನಗೆ ಬರಬೇಕಾದ ಸಂಕೇತ ಬರುತ್ತಿಲ್ಲ. ಸೆನ್ಸರ್ ಸತ್ತಿರಬಹುದು, ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿರಬಹುದು, ತಂತಿ ಎಂಜಿನ್ನಿನ ಬಿಸಿಗೆ ಬಿರುಕುಬಿಟ್ಟು ಕಾರಿನ ಲೋಹದ ಮೈಗೆ ತಾಗುತ್ತಿರಬಹುದು, ಇಲಿ ಕಡಿದಿರಬಹುದು. ಮಳೆಗಾಲದಲ್ಲಿ ಮನೆ ಮುಂದೆ ನಿಂತೇ ಇರುವ ಕಾರಿನ ಬಾನೆಟ್ ತೆರೆದು ನೋಡಿದವರಿಗೆ ಇಲಿಯ ಮಾತು ಉತ್ಪ್ರೇಕ್ಷೆ ಎನಿಸಲಾರದು. ಕರಾವಳಿ, ಮಲೆನಾಡಿನ ಕಾರುಗಳಲ್ಲಂತೂ ನಾನು ಮೊದಲು ಕನೆಕ್ಟರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪಿನ್ನುಗಳು ಸಡಿಲವಾಗಿಲ್ಲವೇ ನೋಡಿ, ಮತ್ತೆ ಕೂರಿಸಿ ಒಂದು ವಾರ ಓಡಿಸುತ್ತೇನೆ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿದಿದೆ.

ಪಿ0171ರಂಥ ಕೋಡ್ ಇನ್ನೂ ಮೋಸದ್ದು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಅದನ್ನು ಕಂಡ ಕೂಡಲೇ, ಹೊಗೆಯನ್ನು ಅಳೆದು ಆ ಸುದ್ದಿ ಕೊಟ್ಟ ಆಮ್ಲಜನಕ ಸೆನ್ಸರನ್ನೇ ಬದಲಿಸುವವರಿದ್ದಾರೆ. ವರದಿ ಕೊಟ್ಟವನನ್ನೇ ಕೆಲಸದಿಂದ ತೆಗೆದ ಹಾಗೆ ಅದು. ಬಿರಿದ ನಿರ್ವಾತ ಕೊಳವೆ, ಕಟ್ಟಿಕೊಂಡ ಇಂಧನ ಫಿಲ್ಟರ್, ದುರ್ಬಲ ಪಂಪ್ ಇವೆಲ್ಲ ಇದೇ ಕೋಡ್ ಹಾಕಬಲ್ಲವು. ಈಗ ಇನ್ನೊಂದು ಕಾರಣವೂ ಸೇರಿದೆ. ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ, ಅದೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಸುಮಾರು 7-8 ಶೇಕಡಾ ಹೆಚ್ಚು ಇಂಧನ ಚಿಮ್ಮಿಸಬೇಕಾಗುತ್ತದೆ. ಹಳೆಯ ಕಾರಿನ ಇಸಿಯು ಆಮ್ಲಜನಕ ಸೆನ್ಸರಿನ ಮಾತು ಕೇಳಿ ಆ ಹೊಂದಾಣಿಕೆಯನ್ನು ತಾನೇ ಮಾಡಿಕೊಳ್ಳುತ್ತದೆ. ರೀಡರಿನಲ್ಲಿ ದೀರ್ಘಾವಧಿಯ ಫ್ಯುಯೆಲ್ ಟ್ರಿಮ್ (ಆ ಹೊಂದಾಣಿಕೆ ಎಷ್ಟು ಎಂದು ಹೇಳುವ ಅಂಕಿ) ಮೇಲೇರಿ ಕುಳಿತಿರುವುದು ಕಾಣುತ್ತದೆ. ಹೊಂದಾಣಿಕೆಗೆ ಇದ್ದ ಅವಕಾಶದಲ್ಲಿ ಒಂದು ಪಾಲು ಅಲ್ಲಿಯೇ ಖರ್ಚಾಗಿರುವುದರಿಂದ, ಮೊದಲು ಸುಮ್ಮನಿದ್ದ ಸಣ್ಣ ಗಾಳಿಸೋರಿಕೆಯೂ ಈಗ ದೀಪ ಹೊತ್ತಿಸಬಲ್ಲದು. ಸೆನ್ಸರಿಗೆ ಹಣ ಕೊಡುವ ಮೊದಲು ಎಲ್ಲ ರಬ್ಬರ್ ಕೊಳವೆಗಳನ್ನು ಬೆರಳಿನಿಂದ ಬಾಗಿಸಿ ನೋಡಿ.

ಕ್ರ್ಯಾಂಕ್ ಸೆನ್ಸರ್: ಇಲ್ಲಿ ರಾಜಿ ಬೇಡ

ಇದು ಎಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ ತಿಳಿಸುವ ಸೆನ್ಸರ್. ಇದರ ಮಾತು ನಿಂತರೆ ಹೆಚ್ಚಿನ ಕಾರುಗಳಲ್ಲಿ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಬಿಸಿಯಾದಾಗ ಸತ್ತು, ತಣ್ಣಗಾದಾಗ ಬದುಕುವುದು ಇದರ ಸಾಮಾನ್ಯ ಕಾಯಿಲೆ. ಗ್ಯಾರೇಜಿಗೆ ಎಳೆದು ತರುವಷ್ಟರಲ್ಲಿ ಸರಿಯಾಗಿಬಿಟ್ಟಿರುತ್ತದೆ, ಕೋಡ್ ಕೂಡ ಕೆಲವೊಮ್ಮೆ ಇರುವುದಿಲ್ಲ. ಹಾಗಾಗಿಯೇ ಪಂಪು, ಕಾಯಿಲ್, ಬ್ಯಾಟರಿ ಎಂದು ಜನ ಸುತ್ತಾಡುತ್ತಾರೆ. ನಿಂತ ಜಾಗದಲ್ಲೇ ಮಾಡಬಹುದಾದ ಪರೀಕ್ಷೆ ಎಂದರೆ ಆರ್‌ಪಿಎಂ ಮುಳ್ಳು: ಸ್ಟಾರ್ಟರ್ ತಿರುಗುವಾಗ ಅದು ಸ್ವಲ್ಪವಾದರೂ ಮೇಲೇಳುವ ಕಾರಿನಲ್ಲಿ, ಈಗ ಏಳುತ್ತಿಲ್ಲ ಎಂದರೆ ಅನುಮಾನ ನೇರ ಇಲ್ಲಿಗೆ.

ಘಾಟಿಯಿಂದ ಬಂದ ಮೇಲೆ ನಾನು ಆ ಐದು ತಿಂಗಳ ಸೆನ್ಸರನ್ನು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಎರಡು ತಂತಿಯ ಸೆನ್ಸರ್ ಅದು, ಒಳಗೆ ತಾಮ್ರದ ಸುರುಳಿ ಮತ್ತು ಅಯಸ್ಕಾಂತ. ಮೀಟರನ್ನು 2000 ಓಮ್ ಅಳತೆಗೆ ಇಟ್ಟು ತುದಿಗಳಿಗೆ ಹಿಡಿದಾಗ 540 ತೋರಿಸಿತು. ಚೆನ್ನಾಗಿಯೇ ಇದೆ ಅನ್ನಿಸಿತು. ಆಮೇಲೆ ಕೂದಲು ಒಣಗಿಸುವ ಡ್ರೈಯರ್ ಹಿಡಿದೆ. 560, 590, 620 ಎಂದು ಅಂಕಿ ನಿಧಾನವಾಗಿ ಏರಿತು. ತಾಮ್ರ ಬಿಸಿಯಾದರೆ ಹಾಗೆ ಏರುವುದು ಸಹಜ. 670 ದಾಟಿತು, ಒಮ್ಮೆಲೇ ಅಂಕಿಗಳೆಲ್ಲ ಮಾಯವಾಗಿ ಪರದೆಯ ಎಡಮೂಲೆಯಲ್ಲಿ ಒಂಟಿ 1 ಉಳಿಯಿತು. ಸುರುಳಿ ಒಳಗೆಲ್ಲೋ ಬಿಟ್ಟುಕೊಂಡಿತ್ತು. ಡ್ರೈಯರ್ ಆರಿಸಿ ಕಾದೆ. ಐದಾರು ನಿಮಿಷಕ್ಕೆ ಮತ್ತೆ 610. ಘಾಟಿಯಲ್ಲಿ ಮುಕ್ಕಾಲು ಗಂಟೆ ನಡೆದದ್ದು ಅಲ್ಲಿ ಮೇಜಿನ ಮೇಲೆ ನಡೆಯಿತು.

ಈ ಪರೀಕ್ಷೆ ಎರಡು ತಂತಿಯ ಸೆನ್ಸರಿಗೆ ಮಾತ್ರ. ಮೂರು ತಂತಿ ಇದ್ದರೆ ಅದು ಬಹುಪಾಲು ಹಾಲ್ ಸೆನ್ಸರ್, ಒಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ. ಅದಕ್ಕೆ ಓಮ್ ಅಳೆಯಬಾರದು. ಅದಕ್ಕೆ ಬರುವ ವಿದ್ಯುತ್ತು ಮತ್ತು ಅರ್ತ್ ಸರಿಯಿವೆಯೇ ಎಂದು ನೋಡಿ, ಎಂಜಿನ್ ತಿರುಗಿಸುವಾಗ ಸಂಕೇತದ ತಂತಿಯಲ್ಲಿ ವೋಲ್ಟೇಜ್ ಏರಿಳಿಯುತ್ತದೆಯೇ ನೋಡಬೇಕು.

ಆಯ್ಕೆಯ ಮಾತಿಗೆ ಬಂದರೆ, ಕ್ರ್ಯಾಂಕ್ ಸೆನ್ಸರಿಗೆ ಕಾರು ತಯಾರಕರ ಪೊಟ್ಟಣದ್ದು ಅಥವಾ ಮೂಲ ಸೆನ್ಸರ್ ತಯಾರಕರದು, ಇವೆರಡೇ. ಹೆಸರಿಲ್ಲದ ನಕಲಿನಲ್ಲಿ ಸುರುಳಿಯ ತಂತಿ, ಅದನ್ನು ಮುಚ್ಚುವ ರಾಳ, ಹೊರಗಿನ ಕೇಬಲ್ಲಿನ ನಿರೋಧಕ ಇವೆಲ್ಲ ನೂರು ಡಿಗ್ರಿಯ ಹತ್ತಿರ ದಿನವೂ ಬೆಂದು ತಣ್ಣಗಾಗುವುದನ್ನು ತಾಳುತ್ತವೆ ಎಂಬ ಭರವಸೆ ಇಲ್ಲ. ಸೆನ್ಸರಿನ ತುದಿ ಮತ್ತು ಎಂಜಿನ್ ಜೊತೆ ತಿರುಗುವ ಹಲ್ಲಿನ ಚಕ್ರದ ನಡುವಿನ ಅಂತರವೂ ಮುಖ್ಯ; ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ನಕಲಿನ ದೇಹ ಒಂದು ಕೂದಲೆಳೆ ಗಿಡ್ಡವಿದ್ದರೂ ನಿಧಾನವಾಗಿ ತಿರುಗುವಾಗ ಸಂಕೇತ ಕುಗ್ಗುತ್ತದೆ, ಬೆಳಗಿನ ಸ್ಟಾರ್ಟ್ ಕಷ್ಟವಾಗುತ್ತದೆ. ಗುಜರಿಯಿಂದ ತಂದ ಹಳೆಯ ಒರಿಜಿನಲ್ಲೂ ಬೇಡ. ನಿಮ್ಮದು ಎಷ್ಟು ವರ್ಷ ಬೆಂದಿದೆಯೋ ಅದೂ ಅಷ್ಟೇ ವರ್ಷ ಬೆಂದಿರುತ್ತದೆ.

ಆಮ್ಲಜನಕ ಸೆನ್ಸರ್: ಕುಂಟಿಸುತ್ತದೆ, ಆದರೂ ಅಗ್ಗ ಬೇಡ

ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆಯುವ ಈ ಸೆನ್ಸರನ್ನು ಬಾಷ್ 1976ರಲ್ಲಿ ಮೊದಲ ಬಾರಿ ಕಾರುಗಳಿಗೆ ತಯಾರಿಸಿತು. ಇದು ಕೆಟ್ಟರೆ ಕಾರು ನಿಲ್ಲುವುದಿಲ್ಲ. ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಹೊರಟವರಿಗೆ ಇದು ತಲೆನೋವು. ಹೀಗೇ ಬಿಟ್ಟರೆ ಸುಡದ ಪೆಟ್ರೋಲ್ ಹೋಗಿ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಅದರ ಬೆಲೆಯ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ.

ಪರೀಕ್ಷೆ ಸುಲಭ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ರೀಡರಿನಲ್ಲಿ ಕನ್ವರ್ಟರಿಗಿಂತ ಮುಂದಿರುವ ಸೆನ್ಸರಿನ ವೋಲ್ಟೇಜ್ ನೋಡಿ. 0.1ರಿಂದ 0.9ರ ನಡುವೆ ಅದು ಉಯ್ಯಾಲೆಯಾಡುತ್ತಿರಬೇಕು. 0.45ರಲ್ಲೇ ನಿಂತಿದ್ದರೆ ಸೆನ್ಸರ್ ಸುಮ್ಮನಾಗಿದೆ ಅಥವಾ ಬಿಸಿಯಾಗುತ್ತಿಲ್ಲ. ಕೆಳಗೇ ನಿಂತಿದ್ದರೆ ಆತುರಪಡಬೇಡಿ: ಗಾಳಿ ಹೋಗುವ ದಾರಿಗೆ ಕಾರ್ಬ್ಯುರೇಟರ್ ಕ್ಲೀನರನ್ನು ಒಂದು ಕ್ಷಣ ಚಿಮುಕಿಸಿ. ಬಿಸಿ ಸೈಲೆನ್ಸರ್ ಪೈಪಿನಿಂದ ದೂರ, ಬೆಂಕಿಯ ಎಚ್ಚರದಲ್ಲಿ. ವೋಲ್ಟೇಜ್ ತಟ್ಟನೆ 0.9ಕ್ಕೆ ಹಾರಿದರೆ ಸೆನ್ಸರ್ ಬದುಕಿದೆ, ತಪ್ಪು ಬೇರೆಲ್ಲೋ ಇದೆ. ಪಿ0135 ಬಂದಿದ್ದರೆ ಅದು ಒಳಗಿನ ಹೀಟರಿನ ಸರ್ಕ್ಯೂಟ್. ಮೊದಲು ಫ್ಯೂಸ್ ನೋಡಿ, ಆಮೇಲೆ ಹೀಟರಿನ ಎರಡು ತಂತಿಗಳ ನಡುವೆ ಓಮ್ ಅಳೆಯಿರಿ. ಕೆಲವೇ ಓಮ್‌ಗಳಿರಬೇಕು, ಹೆಚ್ಚಿನವುಗಳಲ್ಲಿ 3ರಿಂದ 15ರ ಒಳಗೆ.

ಇಲ್ಲಿ ಮೂರು ಆಯ್ಕೆಗಳು ಎದುರಾಗುತ್ತವೆ. ಕನೆಕ್ಟರ್ ಸಮೇತ ನಿಮ್ಮ ಕಾರಿಗೇ ಹೊಂದುವ ಮೂಲ ತಯಾರಕರ ಸೆನ್ಸರ್. ತಂತಿ ಕತ್ತರಿಸಿ ಹಳೆಯ ಕನೆಕ್ಟರಿಗೆ ಜೋಡಿಸಿಕೊಳ್ಳುವ ಯೂನಿವರ್ಸಲ್ ಸೆನ್ಸರ್. ಮತ್ತು ಹೆಸರಿಲ್ಲದ ನಕಲು. ನನ್ನ ಮತ ಮೊದಲನೆಯದಕ್ಕೆ. ಅದು ಸಿಗದ ಅಪರೂಪದ ಮಾದರಿಯಾದರೆ ಒಳ್ಳೆಯ ಹೆಸರಿನ ಯೂನಿವರ್ಸಲ್ ನಡೆಯುತ್ತದೆ, ಆದರೆ ಜೋಡಿಸುವ ಕೈ ಬಲ್ಲದ್ದಾಗಿರಬೇಕು. ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತಂತಿಯ ಎಳೆಗಳ ನಡುವಿನಿಂದಲೇ ಉಸಿರಾಡುತ್ತವೆ. ಅಲ್ಲಿ ಬೆಸುಗೆ ಹಾಕಿದರೆ ಉಸಿರು ಕಟ್ಟುತ್ತದೆ. ಪೊಟ್ಟಣದಲ್ಲಿ ಕೊಟ್ಟಿರುವ ಕ್ರಿಂಪ್ (ಒತ್ತಿ ಬಿಗಿಸುವ) ಜೋಡಣೆಯನ್ನೇ ಬಳಸಬೇಕು. ನಕಲು ಸೆನ್ಸರ್ ಕೆಲಸ ಮಾಡುತ್ತಿರುವಂತೆ ಕಾಣಿಸಿಕೊಂಡು ನಿಧಾನವಾಗಿ ಪ್ರತಿಕ್ರಿಯಿಸಿದರೆ ದೀಪ ಹೊತ್ತುವುದಿಲ್ಲ, ಪೆಟ್ರೋಲ್ ಮಾತ್ರ ಹೋಗುತ್ತಿರುತ್ತದೆ. ಅದು ನಿಮಗೆ ಗೊತ್ತೇ ಆಗುವುದಿಲ್ಲ ಎಂಬುದೇ ನನ್ನ ತಕರಾರು. ಗುಜರಿಯ ಆಮ್ಲಜನಕ ಸೆನ್ಸರನ್ನಂತೂ ಪುಕ್ಕಟೆ ಕೊಟ್ಟರೂ ಬೇಡ.

ತಾಪ ಸೆನ್ಸರ್: ಮನೆಯಲ್ಲೇ ಮಾಡಿ

ಶೀತಕದ ತಾಪ ಅಳೆಯುವ ಈ ಸಣ್ಣ ಸೆನ್ಸರ್ ಕೆಟ್ಟರೆ, ಎಂಜಿನ್ ಕಾದಿದ್ದರೂ ತಣ್ಣಗಿದೆ ಎಂದು ಇಸಿಯು ನಂಬಿ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ. ಖರ್ಚಿಲ್ಲದ ಪರೀಕ್ಷೆ: ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಕೀಲಿ ತಿರುಗಿಸಿ, ಎಂಜಿನ್ ಹಚ್ಚದೆ, ರೀಡರಿನಲ್ಲಿ ಶೀತಕದ ತಾಪ ಮತ್ತು ಎಂಜಿನ್ನಿನೊಳಗೆ ಹೋಗುವ ಗಾಳಿಯ ತಾಪ ಎರಡನ್ನೂ ನೋಡಿ. ಎರಡೂ ಹೆಚ್ಚು ಕಡಿಮೆ ಹವೆಯ ತಾಪದಷ್ಟೇ ಇರಬೇಕು. ಶೀತಕ ಮೈನಸ್ 40 ಎಂದು ತೋರಿಸಿದರೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ. ಆಗ ಕನೆಕ್ಟರ್ ಬಿಚ್ಚಿ, ತಂತಿಯ ಕಡೆಯ ಎರಡು ತುದಿಗಳನ್ನು ಒಂದು ಕ್ಷಣ ಸಣ್ಣ ತಂತಿಯಿಂದ ಸೇರಿಸಿ: ಅಂಕಿ ವಿಪರೀತ ಬಿಸಿಯತ್ತ ಹಾರಿದರೆ ತಂತಿಗಳು ಸರಿ, ಸೆನ್ಸರೇ ಸತ್ತಿದೆ. ಬಿಚ್ಚಿದ ಸೆನ್ಸರನ್ನು ನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿಯೂ ಅಳೆಯಬಹುದು. ಸಾಮಾನ್ಯ ಮಾದರಿಗಳಲ್ಲಿ 20 ಡಿಗ್ರಿಗೆ ಎರಡೂವರೆ ಸಾವಿರ ಓಮ್ ಆಸುಪಾಸು, 80ಕ್ಕೆ ಮುನ್ನೂರರ ಆಸುಪಾಸು.

ಹೆಸರುಳ್ಳ ಬೇರೆ ತಯಾರಕರ ಸೆನ್ಸರ್ ಇಲ್ಲಿ ಧಾರಾಳವಾಗಿ ಸಾಕು. ಹಾಕಿದ ಮೇಲೆ ಇದೇ ಬೆಳಗಿನ ಪರೀಕ್ಷೆಯಲ್ಲಿ ಅದರ ನಿಜ ಬಯಲಾಗುತ್ತದೆ, ಆದ್ದರಿಂದ ಮೋಸಹೋಗುವ ಭಯ ಕಡಿಮೆ. ಕೊಳ್ಳುವಾಗ ಒಂದು ಎಚ್ಚರ ಬೇಕು: ಎಷ್ಟೋ ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಮುಳ್ಳಿಗೆ ಒಂದು, ಇಸಿಯುಗೆ ಇನ್ನೊಂದು ಹೀಗೆ ಎರಡು ತಾಪ ಸೆನ್ಸರ್‌ಗಳಿರುತ್ತವೆ. ಒಂಟಿ ತಂತಿಯದು ಸಾಮಾನ್ಯವಾಗಿ ಮುಳ್ಳಿನದು. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬದಲಿಸುವುದು ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ. ಬಿಸಿ ಶೀತಕ ಮೈಮೇಲೆ ಚಿಮ್ಮಿದರೆ ಬೊಬ್ಬೆಯೇಳುತ್ತದೆ.

ಒತ್ತಡದ ಸೆನ್ಸರ್, ಥ್ರಾಟಲ್ ಸೆನ್ಸರ್: ಗುಜರಿಗೂ ಒಂದು ಅವಕಾಶ

ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರನ್ನು ಪರೀಕ್ಷಿಸಲು ನಮ್ಮ ರಾಜ್ಯದ ಭೂಗೋಳವೇ ಅಳತೆಗೋಲು. ಕೀಲಿ ಹಾಕಿ, ಎಂಜಿನ್ ಹಚ್ಚದೆ ಓದಿದರೆ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನಲ್ಲಿ 100ರಿಂದ 101 ಕಿಲೊಪ್ಯಾಸ್ಕಲ್. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು. ಮಡಿಕೇರಿಯಲ್ಲಿ ಇನ್ನೂ ಎರಡು ಮೂರು ಕಡಿಮೆ. ಬೆಂಗಳೂರಿನಲ್ಲಿ ನಿಂತ ಕಾರು 101 ಎಂದರೆ ಅದನ್ನು ನಂಬಬೇಡಿ. ಐಡಲ್‌ನಲ್ಲಿ (ಎಂಜಿನ್ ಹಚ್ಚಿ, ಆಕ್ಸಿಲರೇಟರ್ ಒತ್ತದೆ ಇದ್ದಾಗ) 30ರಿಂದ 40ರ ನಡುವೆ ಇಳಿಯಬೇಕು. ಇಳಿಯದಿದ್ದರೆ ಮೊದಲು ಅದಕ್ಕೆ ಹೋಗುವ ಕೊಳವೆ ಮತ್ತು ರಂಧ್ರ ನೋಡಿ. ಎಣ್ಣೆ ಬೆರೆತ ಮಸಿ ಕಟ್ಟಿಕೊಂಡು ಸೆನ್ಸರ್ ಕುರುಡಾಗುವುದು ಸಾಮಾನ್ಯ. ಸೆನ್ಸರಿಗೆ ಹಾನಿಯಾಗದ ಕ್ಲೀನರ್ ಮೆಲ್ಲಗೆ ಹೊಡೆದು ಒಣಗಲು ಬಿಡಿ. ಪಿನ್ನು, ಸೂಜಿ ಚುಚ್ಚಬಾರದು.

ಇದು ನಿಜವಾಗಿ ಸತ್ತಿದ್ದರೆ, ಹೊಸ ನಕಲಿಗಿಂತ ಶಿವಾಜಿನಗರದ ಗುಜರಿಯಲ್ಲಿ ಸಿಗುವ ಹಳೆಯ ಒರಿಜಿನಲ್ ನನಗೆ ಮೇಲು. ಎಂಜಿನ್ನಿನ ಉರಿಯಿಂದ ಸ್ವಲ್ಪ ದೂರದಲ್ಲಿ ಕೆಲಸ ಮಾಡುವ ಭಾಗ ಇದು, ಸವೆಯುವುದು ಕಡಿಮೆ, ಮತ್ತು ಮೇಲಿನ ಅಂಕಿಗಳಿಂದ ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು. ಗಾಳಿಯ ಬಾಗಿಲು ಎಷ್ಟು ತೆರೆದಿದೆ ಎಂದು ಹೇಳುವ ಥ್ರಾಟಲ್ ಸೆನ್ಸರ್ ವಿಷಯದಲ್ಲಿ ಗುಜರಿಗೆ ಅರ್ಧ ಮನಸ್ಸು. ಅದರೊಳಗಿನ ಉಜ್ಜುವ ಪಟ್ಟಿ ಸವೆದಿರುತ್ತದೆ. ಆಕ್ಸಿಲರೇಟರನ್ನು ನಿಧಾನವಾಗಿ ಒತ್ತುತ್ತ ಹೋದಂತೆ ವೋಲ್ಟೇಜ್ ಸುಮಾರು 0.5ರಿಂದ 4.5ರವರೆಗೆ ಎಲ್ಲೂ ಎಡವದೆ ಏರಿದರೆ ತೆಗೆದುಕೊಳ್ಳಬಹುದು.

ಒರಿಜಿನಲ್ ಎಂದರೆ ಯಾವುದು?

ಕಾರು ಕಂಪನಿಗಳು ಸಾಮಾನ್ಯವಾಗಿ ಸೆನ್ಸರ್ ತಯಾರಿಸುವುದಿಲ್ಲ. ಬಾಷ್, ಡೆನ್ಸೊ, ಎನ್‌ಟಿಕೆ, ಡೆಲ್ಫಿಯಂಥ ಸಂಸ್ಥೆಗಳು ತಯಾರಿಸಿ ಕೊಡುತ್ತವೆ. ಅದೇ ಸೆನ್ಸರ್ ಕಾರು ಕಂಪನಿಯ ಪೊಟ್ಟಣದಲ್ಲಿ ಒಂದು ಬೆಲೆಗೆ, ತಯಾರಕರದೇ ಪೊಟ್ಟಣದಲ್ಲಿ ಬಹಳಷ್ಟು ಸಲ ಕಡಿಮೆ ಬೆಲೆಗೆ ಸಿಗುತ್ತದೆ. ಹಳೆಯ ಕಾರಿನವರಿಗೆ ನಾನು ಹೇಳುವ ನಿಜವಾದ ಉಳಿತಾಯ ಇಲ್ಲಿದೆ. ನಿಮ್ಮ ಹಳೆಯ ಸೆನ್ಸರಿನ ಮೈ ಒರೆಸಿ, ಕೊರೆದಿರುವ ಹೆಸರು, ಸಂಖ್ಯೆ ಓದಿ. ಬಾಷ್‌ನದಾದರೆ ಆಮ್ಲಜನಕ ಸೆನ್ಸರಿನ ಸಂಖ್ಯೆ 0 258 ಎಂದು, ಕ್ರ್ಯಾಂಕ್ ಸೆನ್ಸರಿನದು 0 261 210 ಎಂದು ಆರಂಭವಾಗುತ್ತದೆ. ಆ ಪೂರ್ತಿ ಸಂಖ್ಯೆ ಕೊಟ್ಟರೆ ಅಂಗಡಿಯವರು ಕಾರಿನ ಹೆಸರು ಕೇಳುವುದೂ ಇಲ್ಲ. ನಿಮ್ಮ ಮಾದರಿ ನಿಂತುಹೋಗಿದ್ದರೂ ಅದೇ ಸಂಖ್ಯೆಯ ಸೆನ್ಸರ್ ಇನ್ನಾವುದೋ ಕಾರಿಗಾಗಿ ಇನ್ನೂ ಬರುತ್ತಿರಬಹುದು. ಬೆಂಗಳೂರಿನ ಹಿರಿಯ ಮೆಕ್ಯಾನಿಕ್‌ಗಳು ಇಂದಿಗೂ ‘ಮೈಕೊ’ ಎನ್ನುವುದು ಇದೇ ಬಾಷ್‌ಗೆ. 1951ರಲ್ಲಿ ಮೈಕೊ ಆಗಿ ಆರಂಭವಾದ ಕಂಪನಿ 2008ರಲ್ಲಿ ಹೆಸರು ಬದಲಿಸಿಕೊಂಡಿತು.

ದೊಡ್ಡ ಹೆಸರುಗಳ ನಕಲಿ ಪೊಟ್ಟಣಗಳೂ ಓಡಾಡುತ್ತವೆ. ಅಧಿಕೃತ ವಿತರಕರಲ್ಲಿ ಬಿಲ್ ಸಮೇತ ಕೊಳ್ಳಿ. ಪೊಟ್ಟಣದ ಮೇಲಿನ ಸಂಖ್ಯೆಯೂ ಸೆನ್ಸರಿನ ಮೇಲಿನ ಸಂಖ್ಯೆಯೂ ತಾಳೆಯಾಗಬೇಕು. ಅಕ್ಷರಗಳು ಉಗುರಿಗೆ ಕೀಳುವಂತಿದ್ದರೆ ಅಲ್ಲೇ ವಾಪಸ್ ಕೊಡಿ.

ಹಾಕುವವರು ಯಾರು?

ತಾಪ, ಮ್ಯಾಪ್, ಥ್ರಾಟಲ್ ಸೆನ್ಸರ್‌ಗಳು ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಯಾರಿಗಾದರೂ ಸಾಧ್ಯ. ಕ್ರ್ಯಾಂಕ್ ಸೆನ್ಸರ್ ಹೆಚ್ಚಿನ ಕಾರುಗಳಲ್ಲಿ ಒಂದೇ 10 ಮಿಲಿಮೀಟರ್ ಬೋಲ್ಟಿನಲ್ಲಿ ಕೂತಿರುತ್ತದೆ, ಆದರೆ ಎಲ್ಲಿ ಕೂತಿದೆ ಎಂಬುದರ ಮೇಲೆ ಕೆಲಸ ಹತ್ತು ನಿಮಿಷವೋ ಎರಡು ಗಂಟೆಯೋ ಆಗುತ್ತದೆ. ಕೆಳಗಿನಿಂದ ಮಾಡಬೇಕಾದರೆ ಜಾಕ್ ಒಂದನ್ನೇ ನಂಬಿ ಕಾರಿನಡಿ ನುಗ್ಗಬೇಡಿ, ಸ್ಟ್ಯಾಂಡ್ ಬೇಕೇ ಬೇಕು. ಆಮ್ಲಜನಕ ಸೆನ್ಸರನ್ನು ಮಾತ್ರ ಗ್ಯಾರೇಜಿಗೆ ಬಿಡುವುದು ಲೇಸು. ಹದಿನೈದು ವರ್ಷ ಕೆಂಪಗೆ ಕಾದು ತುಕ್ಕು ಹಿಡಿದ ತಿರುಪಿನ ದಾರದಲ್ಲಿ ಅದು ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ, ಬಿಚ್ಚುವಾಗ ಎಂಜಿನ್ ಉಗುರು ಬೆಚ್ಚಗೆ, ತಂತಿಗೆ ಸೀಳಿರುವ 22 ಮಿಲಿಮೀಟರ್ ಸಾಕೆಟ್, ಇವು ಇಲ್ಲದೆ ಜಗ್ಗಿದರೆ ಮ್ಯಾನಿಫೋಲ್ಡಿನ ದಾರವೇ ಕಿತ್ತುಬರುತ್ತದೆ. ಹೊಸದರ ದಾರಕ್ಕೆ ಮಾತ್ರ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಬೇಕು, ತುದಿಗೆ ತಾಗಬಾರದು. ಹತ್ತಿರದಲ್ಲಿ ಸಿಲಿಕೋನ್ ಗ್ಯಾಸ್ಕೆಟ್ ಅಂಟು ಬಳಸಿದ್ದರೆ ಸೆನ್ಸರಿಗೆ ತಾಳಿಕೊಳ್ಳುವಂಥದ್ದೇ ಆಗಿರಬೇಕು; ಸಾಮಾನ್ಯ ಸಿಲಿಕೋನಿನ ಆವಿ ಹೊಸ ಸೆನ್ಸರನ್ನೂ ವಿಷವಾಗಿ ಕೊಲ್ಲುತ್ತದೆ.

ಬದಲಿಸಿದ ಮೇಲೆ ಕೋಡ್ ಅಳಿಸಿ, ಮೊದಲು ಯಾವ ಸ್ಥಿತಿಯಲ್ಲಿ ಕೆಡುತ್ತಿತ್ತೋ ಅದೇ ಸ್ಥಿತಿಯಲ್ಲಿ ಓಡಿಸಿ ನೋಡಿ. ಬಿಸಿಯಲ್ಲಿ ಸಾಯುತ್ತಿದ್ದ ಕಾರನ್ನು ಬೆಳಗಿನ ತಂಪಿನಲ್ಲಿ ಒಂದು ಸುತ್ತು ಹಾಕಿ ‘ಸರಿಯಾಯಿತು’ ಎಂದರೆ ಅದು ಪರೀಕ್ಷೆಯೇ ಅಲ್ಲ.

ನನ್ನ ಕಾರಿಗೆ ಮೂಲ ತಯಾರಕರ ಕ್ರ್ಯಾಂಕ್ ಸೆನ್ಸರ್ ಹಾಕಿಸಿದ ದಿನವೇ ಇನ್ನೊಂದು ಲೋಕಲ್ ಸೆನ್ಸರನ್ನೂ ಕೊಂಡೆ. ಡ್ರೈಯರ್ ಹಿಡಿದು ಮೀಟರಿನಲ್ಲಿ ನೋಡಿದೆ, ಬಿಸಿಯಲ್ಲೂ ಅಂಕಿ ಕಳೆದುಕೊಳ್ಳಲಿಲ್ಲ. ಒಂದು ದಿನ ಕಾರಿಗೇ ಹಾಕಿ ಓಡಿಸಿ ಬಿಚ್ಚಿಟ್ಟೆ. ಈಗ ಅದು ಹಳೆಯ ಬನಿಯನ್ ತುಂಡಿನಲ್ಲಿ ಸುತ್ತಿಕೊಂಡು, 10ನೇ ನಂಬರಿನ ಸ್ಪ್ಯಾನರಿನ ಜೊತೆಗೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಇದೆ.